ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನನ್ನ ಜಾಗ ಎಡಗಡೆಯದು. ಸ್ಟಿಯರಿಂಗು ಕಲಿಯುವವಳ ಕೈಯಲ್ಲಿ, ಇನ್ನೊಂದು ಬ್ರೇಕು ನನ್ನ ಕಾಲಡಿಯಲ್ಲಿ. ನನ್ನ ಹತ್ತಿರ ಕಲಿಯಲು ಬರುವವರೆಲ್ಲ ಹೆಂಗಸರೇ. ಮೊದಮೊದಲು ಗಂಡಸರೂ ಬರುತ್ತಿದ್ದರು, ನನ್ನ ಬಾಯಿ ತಡೆಯಲಾರದೆ ಬೇರೆ ಮೇಷ್ಟರನ್ನು ಹುಡುಕಿಕೊಂಡು ಹೋದರು. ಹೋದರೆ ಹೋಗಲಿ.

ಹೊಸಬರಿಗೆಲ್ಲ ಒಂದು ಚಾಳಿ ಇರುತ್ತದೆ. ತಿರುವು ಬಂದಾಗ, ಗೇರು ಬದಲಿಸುವಾಗ, ಖಾಲಿ ರಸ್ತೆಯಲ್ಲಿ ಸುಮ್ಮನೆ ಹೋಗುವಾಗಲೂ ಎಡಕ್ಕೆ ತಿರುಗಿ ನನ್ನ ಮುಖ ನೋಡುತ್ತಾರೆ. "ನನ್ನ ಮುಖದಲ್ಲೇನು ಸಿಗ್ನಲ್ ದೀಪ ಇದೆಯಾ? ರಸ್ತೆ ನೋಡ್ರೀ" ಎಂದು ಕೂಗಿ ಕೂಗಿ ನನ್ನ ಗಂಟಲು ಕಟ್ಟಿದೆ. ಕೆಲವು ವಾರಗಳಲ್ಲಿ ಈ ಚಾಳಿ ಬಿಟ್ಟುಹೋಗುತ್ತದೆ. ಕೆಲವರಿಗೆ ಮಾತ್ರ ಬಿಡುವುದೇ ಇಲ್ಲ. ಗಾಡಿ ಚೆನ್ನಾಗಿಯೇ ಓಡಿಸುತ್ತಾರೆ, ಆದರೆ ಅಪ್ಪಣೆ ಕೇಳುವ ಕಣ್ಣು ಎಡಕ್ಕೆ ಬರುತ್ತಲೇ ಇರುತ್ತದೆ. ಅಂಥವರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನಾನು ಕೇಳುವುದಿಲ್ಲ, ಮನಸ್ಸಿನಲ್ಲೇ ಅಳತೆ ಹಾಕಿಕೊಳ್ಳುತ್ತೇನೆ. ಅನುಮಾನ ನನ್ನ ಹುಟ್ಟುಗುಣ. "ಇವಳ ಎದುರು ಯಾರಾದ್ರೂ ಸುಮ್ನೆ ನಕ್ಕರೂ, ಯಾಕೆ ನಕ್ಕೆ ಅಂತ ಕೇಳ್ತಾಳೆ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿರುತ್ತಾಳೆ.

ಹಾಗೆ ಸದಾ ನಗುವವನು ನಮ್ಮ ಮನೆಯಲ್ಲೇ ಒಬ್ಬನಿದ್ದ. ನನ್ನ ತಂಗಿಯ ಗಂಡ. ಬಣ್ಣದ ಕಂಪನಿಯಲ್ಲಿ ಅವನಿಗೆ ಕೆಲಸ, ಗೋಡೆಗೆ ಬಳಿಯುವ ಪೇಂಟಿನ ಸ್ಯಾಂಪಲ್ ಡಬ್ಬಗಳನ್ನು ಅಂಗಡಿ ಅಂಗಡಿಗೆ ಹೊತ್ತು ತಿರುಗುವುದು. ಅವನು ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಊಟವಾದ ಮೇಲೆ ತನ್ನ ತಟ್ಟೆ ತಾನೇ ತೊಳೆಯುತ್ತಾನೆ. ಅತ್ತೆಯ ಮಾತ್ರೆ ಮುಗಿಯುವ ಮೊದಲೇ ಹೊಸದು ತಂದಿಡುತ್ತಾನೆ. ಅಮ್ಮನ ಪಾಲಿಗೆ ಅವನು ಅಳಿಯದೇವರು. ಹೆಂಡತಿಯನ್ನು ಕೆಲಸಕ್ಕೆ ಬಿಡುವವನೂ ಅವನೇ, ಕರೆದುಕೊಂಡು ಬರುವವನೂ ಅವನೇ. "ಅಂಗೈಯಲ್ಲಿಟ್ಟು ನೋಡ್ಕೊಳ್ತಾನೆ ಕಣೇ" ಎಂದು ಅಮ್ಮ ಕಣ್ಣು ತುಂಬಿಕೊಳ್ಳುವಾಗ ನನಗೆ ಯಾಕೋ ಆ ಅಂಗೈ ಮುಚ್ಚಿಕೊಂಡ ಹಾಗೆ ಕಾಣುತ್ತಿತ್ತು. ಹೇಳಿದರೆ ಬೈಸಿಕೊಳ್ಳಬೇಕು.

ತಂಗಿಯನ್ನು ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುವುದು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಅವಳನ್ನೇ ಕೇಳಿಕೊಂಡು ಬರುವ ಜನ ಇದ್ದಾರೆ. ಲ್ಯಾಬಿನವರು ಊರಿನ ಇನ್ನೊಂದು ತುದಿಯಲ್ಲಿ ಹೊಸ ಶಾಖೆ ತೆರೆಯುವವರಿದ್ದರು, ಅದನ್ನು ನೋಡಿಕೊಳ್ಳುವ ಇನ್‌ಚಾರ್ಜ್ ನೀನೇ ಆಗು ಎಂದು ಪುಟ್ಟಿಯನ್ನು ಕೇಳಿದ್ದರು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಬೆಳಕು ಹರಿಯುವ ಮೊದಲೇ ಬಂದು ನಿಲ್ಲುತ್ತಾರೆ, ಆ ಹೊತ್ತಿಗೆ ಆ ಕಡೆಗೆ ಬಸ್ಸಿಲ್ಲ. ಕಾರು ಓಡಿಸಿಕೊಂಡೇ ಹೋಗಬೇಕು. ಕಾರು ಪುಟ್ಟಿಯದೇ. ಗಂಡನಿಗೆ ಕಂಪನಿಯವರು ಕೊಟ್ಟ ಬೈಕು ಮನೆ ಮುಂದೆ ಧೂಳು ತಿನ್ನುತ್ತಾ ನಿಂತಿದೆ. ಪುಟ್ಟಿಗೆ ಲೈಸೆನ್ಸೂ ಇದೆ, ಕಲಿಸಿದವಳು ನಾನೇ. ಶುಕ್ರವಾರ ಸಂಜೆಯೊಳಗೆ ಅವಳು ಉತ್ತರ ಹೇಳಬೇಕಿತ್ತು.

"ಬೇಡ ಅಂತ ಹೇಳಿಬಿಡ್ತೀನಿ" ಎಂದಳು ಪುಟ್ಟಿ, ಭಾನುವಾರ ಅಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ.

"ಯಾಕೆ?"

"ಇಬ್ರೂ ಕೂತು ಮಾತಾಡಿ ತೀರ್ಮಾನ ಮಾಡಿದ್ವಿ."

ಅವಳ ಗಂಡ ಎಲ್ಲರ ಲೋಟಕ್ಕೂ ನೀರು ಹಾಕುತ್ತಿದ್ದ. "ನಾನಂತೂ ಬೇಡ ಅನ್ಲಿಲ್ಲ ಅಕ್ಕ. ಅವಳಿಷ್ಟ. ನಾನು ಯಾವತ್ತಾದ್ರೂ ಇವಳಿಗೆ ಯಾವುದಕ್ಕಾದ್ರೂ ಬೇಡ ಅಂದಿದೀನಾ, ನೀವೇ ಕೇಳಿ ನೋಡಿ."

ಕೇಳಿದೆ. ಯಾವತ್ತೂ ಅಂದಿಲ್ಲ ಎಂದಳು. ಆಮೇಲೆ ತಟ್ಟೆ ನೋಡಿಕೊಂಡು, "ನನ್ನ ಕೈಲಿ ಗಾಡಿ ಆಫ್ ಆಗಿಬಿಡತ್ತೆ. ಸಿಗ್ನಲ್‌ನಲ್ಲಿ ಎತ್ತೋಕೇ ಬರಲ್ಲ. ಹಿಂದಿನವರು ಹಾರನ್ ಹೊಡೀತಾರೆ, ಕೈ ನಡುಗೋಕೆ ಶುರುವಾಗತ್ತೆ. ಕೊನೆಗೆ ಇವರೇ ಇಳಿದು ಬಂದು ತಗೋಬೇಕು" ಎಂದಳು.

"ಪರವಾಗಿಲ್ಲ ಬಿಡು, ಎಲ್ರಿಗೂ ಎಲ್ಲಾ ಬರಬೇಕು ಅಂತೇನಿಲ್ಲ" ಎಂದ ಅವನು, ಅವಳ ಬೆನ್ನು ಸವರಿ.

ಪುಟ್ಟಿಯ ಕೈಲಿ ಗಾಡಿ ಆಫ್ ಆಗುವುದೇ? ನನ್ನ ಹತ್ತಿರ ಕಲಿತವರಲ್ಲಿ ಕ್ಲಚ್ಚಿನ ಮೇಲೆ ಅವಳಷ್ಟು ಹದವಾದ ಕಾಲು ಇನ್ನೊಬ್ಬರದಿಲ್ಲ. ಏರಿನಲ್ಲಿ ನಿಲ್ಲಿಸಿ ಎತ್ತಿದರೂ ಗಾಡಿ ಒಂದು ಗೇಣು ಹಿಂದೆ ಸರಿಯುತ್ತಿರಲಿಲ್ಲ. ಅದನ್ನೇ ಹೇಳೋಣವೆಂದು ಬಾಯಿ ತೆರೆದೆ. ಪುಟ್ಟಿ ತಲೆಯೆತ್ತಿ ನನ್ನನ್ನು ನೋಡಿದಳು, ಮಾತು ಅಲ್ಲೇ ಉಳಿಯಿತು. ಆ ನೋಟದಲ್ಲಿ ಸಿಟ್ಟಿತ್ತು. ಗಂಡನ ಮೇಲಲ್ಲ, ನನ್ನ ಮೇಲೆ.

ಒಂದು ವರ್ಷದಿಂದ ಹೀಗೇ ಆಗಿತ್ತು. ಫೋನ್ ಮಾಡಿದರೆ "ಹೂಂ, ಚೆನ್ನಾಗಿದೀನಿ, ಕೆಲಸ ಇದೆ, ಇಡ್ತೀನಿ" ಅಷ್ಟೇ. ಮೊದಲೆಲ್ಲ ತಲೆನೋವು ಬಂದರೂ ನನಗೇ ಮೊದಲು ಹೇಳುತ್ತಿದ್ದವಳು. ನಾನು ಏನು ಮಾಡಿದೆ, ಯಾವಾಗ ಮಾಡಿದೆ ಎಂದು ತಲೆ ಕೆಡಿಸಿಕೊಂಡೆ. ಕೇಳಲು ಮಾತ್ರ ಬಿಗುಮಾನ ಅಡ್ಡ ಬಂತು.

ಹೊರಡುವಾಗ ಪುಟ್ಟಿ ಕಾರಿನ ಹಿಂದಿನ ಬಾಗಿಲು ತೆಗೆದು ಕೂತಳು. ಮುಂದಿನ ಸೀಟಿನ ತುಂಬ ಪೇಂಟಿನ ಡಬ್ಬಗಳು. "ನೋಡೇ, ಮಹಾರಾಣಿ ಹಾಗೆ ಹಿಂದೆ ಕೂರಿಸಿಕೊಂಡು ಹೋಗ್ತಾನೆ" ಎಂದು ಅಮ್ಮ ನಕ್ಕಳು. ಅಮ್ಮ ಕಟ್ಟಿಕೊಟ್ಟ ಚೀಲವನ್ನು ಮುಂದಿನ ಸೀಟಿನ ಕಾಲಡಿಗೆ ಇಡೋಣವೆಂದು ನಾನು ಆ ಬಾಗಿಲಿಗೆ ಕೈ ಹಾಕಿದೆ. ಅವನು ಆ ಕಡೆಯಿಂದ ಸುತ್ತಿಕೊಂಡು ಓಡಿಯೇ ಬಂದ. "ಅಲ್ಲಿ ಬೇಡ ಅಕ್ಕ, ಪೇಂಟ್ ಚೆಲ್ಲಿದೆ, ನಿಮ್ಮ ಬಟ್ಟೆ ಹಾಳಾಗತ್ತೆ" ಎಂದು ಚೀಲ ಇಸಿದುಕೊಂಡ. ಮನೆಗೆ ಬೆಂಕಿ ಬಿದ್ದರೂ ಚಪ್ಪಲಿ ಹುಡುಕಿ ಹಾಕಿಕೊಂಡು ಬರುವಂಥ ಮನುಷ್ಯ ಅವನು. ಒಂದು ಚೀಲಕ್ಕೆ ಇಷ್ಟು ಅವಸರ ಯಾಕೆ?

ಮಂಗಳವಾರ ನನ್ನ ಪಕ್ಕ ಕೂತಿದ್ದವರು ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ. ಅವರಿಗೆ ಮುಂದಕ್ಕೆ ಹೋಗಲು ಬರುತ್ತಿತ್ತು, ರಿವರ್ಸ್ ಬರುತ್ತಿರಲಿಲ್ಲ. ಮನೆ ಮನೆಗೆ ಹೋಗಿ ಹೆಂಗಸರನ್ನು ಮಾತಾಡಿಸಿ, ಗಂಡ ಹೆಂಡಿರಲ್ಲಿ ಯಾರ ಕೈಯಲ್ಲಿ ಎಷ್ಟು ಹಿಡಿತವಿದೆ ಎಂದು ಅಳೆಯುವುದು ಅವರ ಸಂಶೋಧನೆ. ಯಾರನ್ನು ಭೇಟಿಯಾಗಬಹುದು, ಯಾವ ಬಟ್ಟೆ ಹಾಕಬಹುದು, ಜಗಳವಾದರೆ ಯಾರ ಮಾತು ನಿಲ್ಲುತ್ತದೆ, ಇಂಥ ಪ್ರಶ್ನೆಗಳು.

"ಎಲ್ಲಾ ಪ್ರಶ್ನೆಗೂ 'ಇಬ್ರೂ ಸೇರಿ' ಅಂದ್ರೆ ಏನ್ ಮಾಡ್ತೀರಿ ಮೇಡಂ?" ಎಂದು ಕೇಳಿದೆ.

"ಪೆನ್ ಕೆಳಗಿಟ್ಟು ಒಂದು ಲೋಟ ನೀರು ಕೇಳ್ತೀನಿ" ಎಂದು ನಕ್ಕರು. "ಸುಳ್ಳು ಹೇಳ್ತಿದಾರೆ ಅಂತಲ್ಲ. ಅವರಿಗೆ ನಿಜವಾಗ್ಲೂ ಹಾಗೇ ಅನ್ಸಿರತ್ತೆ. ಹಿಡಿತ ಬಿಗಿಯಾಗಿದ್ದಷ್ಟೂ ಅದು ಹಿಡಿತ ಅಂತ ಅನ್ಸೋದು ಕಮ್ಮಿ. ಅದಕ್ಕೇ ಆಮೇಲೆ ತಿರುಗಿಸಿ ಕೇಳ್ತೀನಿ. ನೀವು ಮೊದಲು ಮಾಡ್ತಿದ್ದು, ಈಗ ಬಿಟ್ಟಿರೋದು ಏನು? ನಿಮ್ಮಿಂದ ಆಗಲ್ಲ ಅಂತ ನಿಮಗೆ ಗೊತ್ತಾಗಿದ್ದು ಹೇಗೆ?"

ಹೇಗೆ ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಅಷ್ಟರಲ್ಲಿ ಮೇಡಂ ರಿವರ್ಸಿನಲ್ಲಿ ಫುಟ್‌ಪಾತ್ ಹತ್ತಿಸಿದ್ದರು. "ಕನ್ನಡಿ ಇರೋದು ಮುಖ ನೋಡ್ಕೊಳ್ಳೋಕಾ?" ಎಂದು ಕೂಗಿದೆ.

ಮರುದಿನ ಸ್ಕೂಲಿನ ಕಾರನ್ನು ಸರ್ವೀಸಿಗೆ ಬಿಡಲು ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ಕಿಗೆ ಸ್ಪ್ಯಾನರ್ ಎಂದೇ ಹೆಸರು ಬಿದ್ದುಹೋಗಿದೆ. ನಮ್ಮ ಸ್ಕೂಲಿನ ಕಾರುಗಳಿಗೆಲ್ಲ ಎಡಗಡೆಯ ಬ್ರೇಕು ಜೋಡಿಸಿಕೊಡುವವನು ಅವನೇ. ಕಾರಿನಡಿಯಲ್ಲಿ ಮಲಗಿಕೊಂಡೇ ಹೇಳಿದ:

"ಅಕ್ಕ, ನಿಮ್ಮ ತಂಗಿ ಕಾರನ್ನೂ ಒಂದ್ಸಲ ತರೋಕ್ಹೇಳಿ. ಕೇಬಲ್ ಸಡಿಲ ಆಗಿರತ್ತೆ, ಬಿಗಿ ಮಾಡ್ಬೇಕು."

"ಯಾವ ಕೇಬಲ್ಲು?"

"ಅದೇ, ಎಡಗಡೆ ಬ್ರೇಕಿಂದು. ಹೋದ ವರ್ಷ ಹಾಕ್ಸಿದ್ರಲ್ಲ."

"ಯಾರು ಹಾಕ್ಸಿದ್ದು?"

ಅವನು ತಳದಿಂದ ಮುಖ ಮಾತ್ರ ಹೊರಗೆ ಚಾಚಿದ. "ನೀವೇ ಹೇಳಿಕಳಿಸಿದ್ರಂತಲ್ಲಕ್ಕ. ನಿಮ್ಮ ತಂಗಿ ಯಜಮಾನ್ರು ಬಂದಿದ್ರು. ಅವಳ ಕೈ ಇನ್ನೂ ಕುದುರಿಲ್ಲ, ಒಂದು ಬ್ರೇಕ್ ಹಾಕ್ಸಿಬಿಡಿ ಅಂತ ಅಕ್ಕ ಹೇಳಿದಾರೆ ಅಂದ್ರು. ಮನೆ ಗಾಡಿಗೆ ಯಾರೂ ಹಾಕ್ಸಲ್ಲ. ನಿಮ್ಮ ಮಾತು ಅಂತ ಹಾಕ್ಕೊಟ್ಟೆ."

ನಾನು ಅಂಥ ಮಾತನ್ನು ಯಾರಿಗೂ ಹೇಳಿರಲಿಲ್ಲ. ಅಲ್ಲೇ ಹಳೇ ಟೈರಿನ ಮೇಲೆ ಕೂತೆ. ಕೂತ ಮೇಲೆ ಇನ್ನೊಂದು ವಿಷಯ ಹೊಳೆಯಿತು. ಸಿಗ್ನಲಿನಲ್ಲಿ ಗಾಡಿ ಎತ್ತುವಾಗ ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು. ಆ ಕ್ಷಣಕ್ಕೆ ಸರಿಯಾಗಿ ಪಕ್ಕದವನು ತನ್ನ ಬ್ರೇಕನ್ನು ಒಂದು ಚೂರು ಅದುಮಿದರೆ ಸಾಕು, ಗಾಡಿ ಒಮ್ಮೆ ಕುಪ್ಪಳಿಸಿ ಆಫ್ ಆಗುತ್ತದೆ. ಓಡಿಸುವವಳಿಗೆ ತನ್ನದೇ ತಪ್ಪು ಅನಿಸುತ್ತದೆ.

ನೇರ ಪುಟ್ಟಿಯ ಗಂಡನ ಹತ್ತಿರ ಹೋಗಿ ಕುತ್ತಿಗೆಪಟ್ಟಿ ಹಿಡಿಯಬೇಕು ಅನಿಸಿತು. ಹಿಡಿದರೆ ಏನಾಗುತ್ತದೆ? ಅವನು ನಗುತ್ತಾನೆ. ಅಮ್ಮ ನನ್ನ ಹುಟ್ಟುಗುಣದ ಪುರಾಣ ಬಿಚ್ಚುತ್ತಾಳೆ. ಪುಟ್ಟಿ ಯಾರನ್ನು ನಂಬುತ್ತಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ಸ್ವಂತ ತಂಗಿ, ನನಗೆ ಗೊತ್ತಿರಲಿಲ್ಲ.

ಗುರುವಾರ ಊಟದ ಬಿಡುವಿಗೆ ಸ್ವಲ್ಪ ಮೊದಲು ಅವಳ ಲ್ಯಾಬಿನ ಮುಂದೆ ಸ್ಕೂಲಿನ ಕಾರು ನಿಲ್ಲಿಸಿದೆ. ಪುಟ್ಟಿ ಬಿಳಿ ಕೋಟಿನಲ್ಲೇ ಹೊರಗೆ ಬಂದಳು.

"ಏನಕ್ಕ, ಅಮ್ಮಂಗೆ ಏನಾದ್ರೂ ಆಯ್ತಾ?"

"ಯಾರಿಗೂ ಏನೂ ಆಗಿಲ್ಲ. ಬಂದು ಓಡಿಸು."

"ನನಗಾಗಲ್ಲ."

"ಒಂದು ಸುತ್ತು ಅಷ್ಟೇ. ಆಮೇಲೆ ನಿನ್ನಿಷ್ಟ."

ಮುಖ ಗಂಟಿಕ್ಕಿಕೊಂಡೇ ಹತ್ತಿದಳು. ಸೀಟು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ಸರಿಮಾಡಿದಳು, ಎತ್ತಿದಳು. ಗಾಡಿ ನೀರಿನ ಮೇಲೆ ಹೋದ ಹಾಗೆ ಹೋಯಿತು. ಎರಡು ಸಿಗ್ನಲ್ ದಾಟಿದರೂ ಆಫ್ ಆಗಲಿಲ್ಲ. ಆದರೆ ಪ್ರತಿ ತಿರುವಿನಲ್ಲೂ ಅವಳ ಕಣ್ಣು ಎಡಕ್ಕೆ ಬರುತ್ತಿತ್ತು. ಎಂದೋ ಬಿಟ್ಟುಹೋಗಿದ್ದ ಚಾಳಿ. ಬೇರೆ ಯಾರಾದರೂ ಆಗಿದ್ದರೆ ಕೂಗುತ್ತಿದ್ದೆ. ಅವಳಿಗೆ ಕೂಗಲು ನನಗೆ ಬಾಯಿ ಬರಲಿಲ್ಲ, ಅಳು ಬಂತು.

ಒಂದು ಗೋದಾಮಿನ ಹಿಂದಿನ ಏರಿನ ತುದಿಯಲ್ಲಿ ನಿಲ್ಲಿಸಲು ಹೇಳಿದೆ. ಅಲ್ಲಿ ಜನ ಓಡಾಡುವುದಿಲ್ಲ.

"ಚೆನ್ನಾಗೇ ಓಡಿಸ್ತೀಯಲ್ಲೇ. ಆಗಲ್ಲ ಅಂತ ಯಾರು ಹೇಳಿದ್ದು ನಿನಗೆ?"

ಅವಳು ಸ್ಟಿಯರಿಂಗಿನಿಂದ ಕೈ ತೆಗೆದಳು. "ಏನೂ ಗೊತ್ತಿಲ್ಲದವಳ ಥರ ಮಾತಾಡ್ಬೇಡ ಅಕ್ಕ. ನೀನೇ ತಾನೇ ಹೇಳಿದ್ದು! ಇವಳನ್ನ ನಂಬಿ ಗಾಡಿ ಕೊಡ್ಬೇಡಿ, ಒಂದು ಬ್ರೇಕ್ ಹಾಕ್ಸಿ ಅಂತ. ನನ್ನ ಮುಖಕ್ಕೆ ಹೇಳೋಕೆ ಏನಾಗಿತ್ತು ನಿನಗೆ? ಬೇರೆಯವರ ಹತ್ರ ಹೇಳ್ಕೊಂಡು ತಿರುಗೋದಾ?"

"ಪುಟ್ಟಿ, ನಾನು ಹೇಳಿಲ್ಲ."

"ನೀನು ಹೀಗೇ ಅಂತೀಯ ಅಂತ ಅವರು ಆಗಲೇ ಹೇಳಿದ್ರು. ಕೇಳೋಕೆ ಹೋಗ್ಬೇಡ, ಅಕ್ಕ ಒಪ್ಕೊಳಲ್ಲ, ಸುಮ್ನೆ ನಿಮ್ಮಿಬ್ಬರ ಮಧ್ಯೆ ಮನಸ್ತಾಪ ಆಗತ್ತೆ ಅಂತ."

ಎಷ್ಟು ದೂರ ಯೋಚನೆ ಮಾಡಿದ್ದಾನೆ. ನಾನು ನಿಜ ಹೇಳಿದಷ್ಟೂ ಅವನ ಮಾತೇ ನಿಜವಾಗುವ ಹಾಗೆ ಕಟ್ಟಿದ್ದಾನೆ. ಇನ್ನು ಆಣೆ ಪ್ರಮಾಣ ಮಾಡಿ ಪ್ರಯೋಜನವಿರಲಿಲ್ಲ.

"ಸರಿ, ನಂಬಬೇಡ" ಎಂದೆ. "ಗಾಡಿ ಎತ್ತು. ಹಾಫ್ ಕ್ಲಚ್ಚಿಗೆ ಬಾ."

ಎತ್ತಿದಳು. ಕ್ಲಚ್ಚು ಹಿಡಿಯುವ ಆ ಹೊತ್ತಿಗೆ ನಾನು ನನ್ನ ಬ್ರೇಕಿನ ಮೇಲೆ ಹೆಬ್ಬೆರಳ ಭಾರವಷ್ಟೇ ಬಿಟ್ಟೆ. ಗಾಡಿ ಕುಪ್ಪಳಿಸಿ ಆಫ್ ಆಯಿತು. ಪುಟ್ಟಿಯ ಭುಜಗಳು ಕಿವಿಯವರೆಗೆ ಏರಿದವು. ಹಿಂದೆ ಒಂದು ಗಾಡಿಯೂ ಇರಲಿಲ್ಲ, ಆದರೂ ಹಾರನ್ ಕೇಳಿಸಿತೇನೋ ಎಂಬಂತೆ ಕನ್ನಡಿ ನೋಡಿದಳು.

"ನೋಡಿದ್ಯಾ? ನಾನು ಹೇಳ್ಲಿಲ್ವಾ?" ಎಂದಳು.

"ಇನ್ನೊಂದು ಸಲ."

ಮತ್ತೆ ಹಾಗೇ ಆಯಿತು. ಅವಳು ಅಳುವುದಕ್ಕೇ ಶುರು ಮಾಡಿದಳು.

"ಈಗ ನನ್ನ ಕಾಲು ನೋಡ್ಕೊಂಡು ಎತ್ತು" ಎಂದೆ.

ಮೂಗು ಒರೆಸಿಕೊಂಡು, ತಲೆ ಬಗ್ಗಿಸಿ ನನ್ನ ಕಾಲು ನೋಡುತ್ತಾ ಕ್ಲಚ್ಚು ಬಿಟ್ಟಳು. ನಾನು ಅದುಮಿದೆ. ಗಾಡಿ ಕುಪ್ಪಳಿಸಿತು, ನಿಂತಿತು. ಪುಟ್ಟಿ ತಲೆ ಎತ್ತಲಿಲ್ಲ. ತುಂಬ ಹೊತ್ತು ಆ ಪೆಡಲನ್ನೇ ನೋಡುತ್ತಿದ್ದಳು.

"ಇದೇ" ಎಂದಳು. "ಇದೇ ಥರ ಎಗರತ್ತೆ."

"ಕಲಿಸುವಾಗ ನಾನೂ ಒತ್ತಿದೀನಿ ಪುಟ್ಟಿ. ಒತ್ತೋದಕ್ಕೆ ಮೊದಲೇ ಊರಿಗೆಲ್ಲ ಕೇಳೋ ಹಾಗೆ ಬೈತಿದ್ದೆ."

"ಅವರು ಬೈಯಲ್ಲ" ಎಂದಳು ಪುಟ್ಟಿ. "ಪರವಾಗಿಲ್ಲ ಬಿಡು ಅಂತಾರೆ. ಪ್ರತಿ ಸಲ ನನ್ನ ಕಣ್ಣು ಒರೆಸ್ತಾರೆ ಅಕ್ಕ."

ನನಗೆ ಭಯವಾಯಿತು. ಬೈಯುವ, ಹೊಡೆಯುವ ಗಂಡಸರ ಕಥೆ ಈ ಸೀಟಿನಲ್ಲಿ ಕೂತು ಬೇಕಾದಷ್ಟು ಕೇಳಿದ್ದೆ. ಅಳಿಸಿ, ಕಣ್ಣು ಒರೆಸಿ, ಅದಕ್ಕೆ ಒಳ್ಳೆಯವನೆನಿಸಿಕೊಳ್ಳುವುದನ್ನು ಕೇಳಿರಲಿಲ್ಲ.

"ನಾನು ಅಂಥ ಮಾತು ಹೇಳ್ತೀನಿ ಅಂತ ನೀನು ಹೇಗೆ ನಂಬಿದೆ?" ಎಂದೆ. ಕೇಳಬಾರದಿತ್ತೇನೋ, ಆದರೆ ಒಂದು ವರ್ಷದ ಸಂಕಟ ನನ್ನದೂ ಇತ್ತು.

ಅವಳು ನನ್ನ ಮುಖ ನೋಡಿಯೇ ಹೇಳಿದಳು. "ನೀನು ಯಾವತ್ತು ಚೆನ್ನಾಗಿ ಓಡಿಸ್ತೀಯ ಅಂದಿದೀಯಾ? ಲೈಸೆನ್ಸ್ ಬಂದ ದಿನ ಕೂಡ 'ಸದ್ಯ ಯಾರಿಗೂ ಗುದ್ದಬೇಡ' ಅಂದೆ. ಅವರು ಹೇಳಿದ್ದು ಥೇಟ್ ನಿನ್ನ ಮಾತಿನ ಥರಾನೇ ಇತ್ತು ಅಕ್ಕ."

ಅವನು ನನ್ನನ್ನು ಚೆನ್ನಾಗಿಯೇ ಅಳೆದಿದ್ದ. ಅವಳ ಕೈ ಹಿಡಿದುಕೊಂಡೆ, ತಣ್ಣಗಿತ್ತು. "ನಿನ್ನಷ್ಟು ಚೆನ್ನಾಗಿ ಯಾರೂ ಕಲೀಲಿಲ್ಲ" ಎಂದೆ. ಈಗ ಹೇಳಿದರೆ ಅದಕ್ಕೂ ಬೆಲೆಯಿಲ್ಲವೆಂದು ಗೊತ್ತಿತ್ತು. ಆದರೂ ಹೇಳಿದೆ.

ಏರಿನ ತುದಿಯಿಂದ ಕೆಳಗಿನ ಸಿಗ್ನಲ್ ಕಾಣುತ್ತಿತ್ತು. ಬಲಕ್ಕೆ ಹೋದರೆ ಲ್ಯಾಬಿನ ಮುಖ್ಯ ಆಫೀಸು, ಎಡಕ್ಕೆ ಹೋದರೆ ಪುಟ್ಟಿಯ ಮನೆ. ನಾಳೆ ಶುಕ್ರವಾರ. ಈಗಲೇ ನಡಿ, ಆಫೀಸಿಗೆ ಹೋಗಿ ಒಪ್ಪಿಕೊಂಡು ಬಾ, ನಾನಿದ್ದೇನೆ ಎಂದು ಹೇಳಲು ಉಸಿರು ತೆಗೆದುಕೊಂಡೆ. ಪುಟ್ಟಿ ಗಾಡಿ ಸ್ಟಾರ್ಟ್ ಮಾಡಿ, ಗೇರು ಹಾಕಿ, ಎಡಕ್ಕೆ ತಿರುಗಿ ನನ್ನ ಮುಖ ನೋಡಿದಳು. ಕಾಯುತ್ತಿದ್ದಳು.

ನಾಲಿಗೆ ಕಚ್ಚಿಕೊಂಡೆ. ಬಾಗಿಲು ತೆಗೆದು ಇಳಿದುಬಿಟ್ಟೆ.

"ಎಲ್ಲಿಗೆ ಹೋಗ್ತಿದೀಯ?" ಎಂದಳು ಗಾಬರಿಯಿಂದ.

"ಎಲ್ಲಿಗೂ ಇಲ್ಲ. ಇಲ್ಲೇ ನಿಂತಿರ್ತೀನಿ. ನೀನು ಹೋಗು."

"ಎಲ್ಲಿಗೆ?"

"ನನ್ನನ್ನ ಕೇಳ್ಬೇಡ."

ಅವಳು ಸುಮಾರು ಹೊತ್ತು ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಆಮೇಲೆ ಕೋಟಿನ ಜೇಬಿನಿಂದ ಫೋನ್ ತೆಗೆದು ಕಿಟಕಿಯಲ್ಲಿ ನನಗೆ ಕೊಟ್ಟಳು. "ಇಟ್ಕೋ. ಊಟದ ಹೊತ್ತಿಗೆ ಮಾಡ್ತಾರೆ" ಎಂದಷ್ಟೇ ಹೇಳಿದಳು. ಗಾಡಿ ಇಳಿಜಾರಿನಲ್ಲಿ ಹೊರಟಿತು. ಅವಳು ಮನೆಗೇ ಹೋಗಬಹುದು, ಹೋಗಿ ಎಲ್ಲವನ್ನೂ ಅವನಿಗೇ ಹೇಳಬಹುದು, ಅವನು ಮತ್ತೆ ಕಣ್ಣು ಒರೆಸಬಹುದು ಎಂಬ ಅನುಮಾನದಲ್ಲಿ ನಾನು ನಿಂತೇ ಇದ್ದೆ.

ಸಿಗ್ನಲ್ ಕೆಂಪಾಗಿತ್ತು. ನಮ್ಮ ಕಾರು ಎಲ್ಲಕ್ಕಿಂತ ಮುಂದೆ ನಿಂತಿತು, ಹಿಂದೆ ಬಸ್ಸು, ಲಾರಿ, ಸ್ಕೂಟರುಗಳು. ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು.

"ಊಟ ಆಯ್ತಾ?" ಅಳಿಯದೇವರ ದನಿ, ಎಂದಿನಂತೆ ಮೆತ್ತಗೆ.

"ನಾನು, ಅಕ್ಕ."

"ಅಕ್ಕ! ಆರಾಮಾ? ಅವಳೆಲ್ಲಿ?"

"ಗಾಡಿ ಓಡಿಸ್ತಿದಾಳೆ."

"ಗಾಡೀನಾ? ಪಕ್ಕದಲ್ಲಿ ಯಾರಿದಾರೆ?"

"ಯಾರೂ ಇಲ್ಲ."

ಅವನ ಉಸಿರು ಕೇಳಿಸುತ್ತಿತ್ತು. "ತಪ್ಪು ಮಾಡಿದ್ರಿ ಅಕ್ಕ" ಎಂದ, ಅದೇ ಮೆತ್ತನೆಯ ದನಿಯಲ್ಲಿ. "ಅವಳ ಕೈಲಿ ಆಗಲ್ಲ. ಸಿಗ್ನಲ್‌ನಲ್ಲಿ ನಿಂತುಬಿಡ್ತಾಳೆ, ಪಾಪ."

ದೀಪ ಹಸಿರಾಯಿತು. ಕಾರು ಅಲ್ಲಾಡಲಿಲ್ಲ. ಬಸ್ಸಿನವನು ಹಾರನ್ ಒತ್ತಿದ, ಏರಿನ ಮೇಲಕ್ಕೂ ಕೇಳಿಸಿತು. ಅವನಿಗೂ ಕೇಳಿಸಿರಬೇಕು. "ನೋಡಿದ್ರಾ" ಎಂದ.

ನೋಡುತ್ತಿದ್ದೆ. ನಮ್ಮ ಕಾರಿನ ಬಲಗಡೆಯ ಇಂಡಿಕೇಟರ್ ಮಿನುಗಲು ಶುರುವಾಗಿತ್ತು. ಗಾಡಿ ಹದವಾಗಿ ಎದ್ದು, ರಸ್ತೆ ದಾಟಿ ಬಲಕ್ಕೆ ತಿರುಗಿತು.